ತೊಲೆಯೂ ಚಾವಣಿಯೂ: ಗಣಕ ಮಾದರಿಗಳ ಒಂದು ವಿಮರ್ಶೆ

ಮರದ ಕಟ್ಟಡಗಳ ವಿನ್ಯಾಸದಲ್ಲಿ ಈಗ ತಂತ್ರಾಂಶವೇ ಲೆಕ್ಕಿಗನ ಸ್ಥಾನವನ್ನು ವಹಿಸಿಕೊಂಡಿದೆ. 1990ರ ದಶಕದಲ್ಲಿ ಆಸ್ಟ್ರಿಯ, ಜರ್ಮನಿಗಳಲ್ಲಿ ಬೆಳೆದುಬಂದ ಕ್ರಾಸ್ ಲ್ಯಾಮಿನೇಟೆಡ್ ಟಿಂಬರ್, ಅಂದರೆ ಪದರದ ಮೇಲೆ ಪದರವನ್ನು ನಾರು ಅಡ್ಡವಾಗುವಂತೆ ಅಂಟಿಸಿದ ಫಲಕ, ಚಾವಣಿಗೆ ವಿಶೇಷವಾಗಿ ಬಳಕೆಯಲ್ಲಿದೆ. ಅದರ ಕೆಳಗಣ ತೊಲೆಯನ್ನು ತಂತ್ರಾಂಶದಲ್ಲಿ ಹೇಗೆ ನಿರೂಪಿಸಬೇಕೆಂಬುದು ಮೇಲುನೋಟಕ್ಕೆ ರೇಖೆ ಎಳೆಯುವ ವಿಷಯವೆನಿಸಿದರೂ, ಕಟ್ಟಡದ ಸುರಕ್ಷತೆ ಅದನ್ನು ಅವಲಂಬಿಸಿದೆ.

ರೂಢಿಯಲ್ಲಿರುವ ಮಾದರಿಗಳು ಎರಡು. ಮೊದಲನೆಯದರಲ್ಲಿ ತೊಲೆಯ ಅಕ್ಷವನ್ನು ಫಲಕದ ಮಧ್ಯತಲದಲ್ಲಿಯೇ ಎಳೆಯುತ್ತಾರೆ. ಒಂದರ ಕೆಳಗೆ ಮತ್ತೊಂದಿದೆಯೆಂಬ ಸಂಗತಿ ಲೆಕ್ಕಕ್ಕೆ ಬರುವುದಿಲ್ಲ. ಎರಡನೆಯದರಲ್ಲಿ ತೊಲೆಯನ್ನು ನಿಜವಾದ ಸ್ಥಾನಕ್ಕೆ ಇಳಿಸಿ, ಫಲಕದೊಡನೆ ಅಲುಗದಂತೆ ಬೆಸೆಯುತ್ತಾರೆ. ಕಟ್ಟಡವನ್ನು ಹೆಚ್ಚಾಗಿ ಹೋಲುವ ಚಿತ್ರ ಈ ಎರಡನೆಯದು. ಆದುದರಿಂದಲೇ ನಂಬಿಕೆಯನ್ನು ಬೇಗ ಗಳಿಸಿಕೊಳ್ಳುತ್ತದೆ. ಆ ನಂಬಿಕೆಯನ್ನು ನಾವು ಪರೀಕ್ಷಿಸಬೇಕಾಗಿದೆ.

ಒಂದು ಉದಾಹರಣೆಯನ್ನು ನೋಡೋಣ. ಎರಡು ತುದಿಗಳಲ್ಲಿ ಸರಳವಾಗಿ ಆತುಕೊಂಡ, 6 ಮೀಟರ್ ಹಾಯುವ, 200 ಮಿ.ಮೀ. ಅಗಲ 400 ಮಿ.ಮೀ. ಎತ್ತರದ ತೊಲೆ; ಅದರ ಮೇಲೆ ತಲಾ 40 ಮಿ.ಮೀ. ದಪ್ಪದ ಮೂರು ಪದರಗಳ ಫಲಕ. ಫಲಕವು ತೊಲೆಯಿಂದ ತೊಲೆಗೆ ಹಾಯುವುದರಿಂದ ಹೊರಪದರಗಳ ನಾರು ತೊಲೆಗೆ ಅಡ್ಡವಾಗಿರುತ್ತದೆ. ತೊಲೆಯೊಡನೆ ದುಡಿಯುವುದು ನಡುಪದರವೊಂದೇ ಎನ್ನಬಹುದು. ಅದರಲ್ಲಿ 2 ಮೀಟರ್ ಅಗಲ ಸಹಕರಿಸುವುದೆಂದೂ, ಎರಡರ ಸ್ಥಿತಿಸ್ಥಾಪಕ ಗುಣಾಂಕವೂ ಸಮವಾಗಿ ಚದರ ಮಿ.ಮೀ.ಗೆ 11,000 ನ್ಯೂಟನ್ ಎಂದೂ ಗ್ರಹಿಸೋಣ. ಬೆಸುಗೆಯೇ ಇಲ್ಲದಿದ್ದಾಗಿನ ಬಾಗುಬಿಗಿತವನ್ನು 1 ಎಂದೆಣಿಸಿದರೆ, ಪೂರ್ಣ ಬೆಸುಗೆಯದು ಸುಮಾರು 3.5. ಆದರೆ ನಿಜವಾದ ಜೋಡಣೆ ಸ್ಕ್ರೂಗಳದು, ಅವು ಜಾರುತ್ತವೆ. 100 ಮಿ.ಮೀ.ಗೊಂದು ಸ್ಕ್ರೂ ಇದ್ದು, ಪ್ರತಿಯೊಂದೂ 1 ಮಿ.ಮೀ. ಜಾರಲು 5 ಕಿಲೋನ್ಯೂಟನ್ ಬಲ ಬೇಕಾದರೆ, 2004ರ ಯೂರೋಕೋಡ್ 5ರ ಅನುಬಂಧ ‘ಬಿ’ಯ ಗ್ಯಾಮಾ ವಿಧಾನದಂತೆ ಬಿಗಿತ ಸುಮಾರು 1.7 ಮಾತ್ರ. ಎಂದರೆ ಬೆಸೆದ ಮಾದರಿ ತೋರುವುದರ ಎರಡರಷ್ಟು ತೊಲೆ ಬಾಗುತ್ತದೆ. ಅದರ ತಳದ ಪೀಡನವು ಒಂದೂವರೆಯಷ್ಟಕ್ಕೆ ಸಮೀಪಿಸುತ್ತದೆ.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಅಪಾಯವುಂಟು. ಬೆಸೆದ ಮಾದರಿಯಲ್ಲಿ ಒಟ್ಟು ಬೆಂಡಿಂಗ್ ಮೊಮೆಂಟಿನ ಶೇಕಡ 28ರಷ್ಟು ಮಾತ್ರ ತೊಲೆಯ ಹೆಸರಿನಲ್ಲಿ ಕಾಣಿಸುತ್ತದೆ. ಉಳಿದುದನ್ನು ಬಹುತೇಕ ಹೊರುವುದು ತೊಲೆಯ ಎಳೆತ ಮತ್ತು ಫಲಕದ ಒತ್ತಡ ಇವೆರಡರ ಜೋಡಿ. ವಿದ್ಯಾರ್ಥಿಯು ಮೊಮೆಂಟನ್ನಷ್ಟೇ ಓದಿ ಎಳೆತವನ್ನು ಮರೆತರೆ, ತೊಲೆ ಅಪಾಯಕರವಾಗಿ ಕಿರಿದಾಗುತ್ತದೆ. ಮೇಲಾಗಿ, ನಡುಪದರಕ್ಕೆ ಬಲ ತಲುಪಲು ಅಡ್ಡನಾರಿನ ಕೆಳಪದರವನ್ನು ಹಾಯಬೇಕು. ಅಲ್ಲಿ ನಾರುಗಳು ಉರುಳುವ ಬಗೆಯ ಕತ್ತರಿಕೆಗೆ ಮರದ ಬಿಗಿತ ಬಹಳ ಕಡಮೆ. ಫಲಕಗಳ ಅಂಚುಗಳು ತೊಲೆಯ ಮೇಲೆ ಸಂಧಿಸುವೆಡೆಯಲ್ಲಿ ಬಿರುಕಿದ್ದರೆ, ಒತ್ತಡದ ಹರಿವೇ ತಡೆಯುತ್ತದೆ. ತೆರೆಯ ಮೇಲಣ ಅಖಂಡ ಫಲಕ ಅದನ್ನು ಅರಿಯದು.

ಹಾಗಾದರೆ ಸಮತಲದ ಮೊದಲ ಮಾದರಿಯೇ ಲೇಸೆ? ತೊಲೆಯ ಮಟ್ಟಿಗೆ ಅದು ಕೊಡುವುದು ಹೆಚ್ಚುಕಡಮೆ ಬೆಸುಗೆಯಿಲ್ಲದ ಬೆಲೆ, ಆದುದರಿಂದ ಸುರಕ್ಷಿತವೆನ್ನಬಹುದು. ಆದರೆ ಸ್ಕ್ರೂಗಳು ಇರುವವರೆಗೆ ಅವು ಬಲವನ್ನು ಹೊತ್ತೇ ಹೊರುತ್ತವೆ. ಆ ಬಲವನ್ನು ಈ ಮಾದರಿ ತೋರಿಸುವುದೇ ಇಲ್ಲ. ಎರಡು ಮಾದರಿಗಳೂ ಜೋಡಣೆಯ ಪ್ರಶ್ನೆಯನ್ನು ಕೇಳದೆಯೇ ಉತ್ತರಿಸುತ್ತವೆ ಎಂಬುದು ನಮ್ಮ ಮುಖ್ಯ ಆಕ್ಷೇಪ.

ತೊಲೆಯನ್ನು ಅದರ ಸ್ಥಾನದಲ್ಲಿರಿಸಿ, ಜಾರಿಕೆಯ ಬಿಗಿತವುಳ್ಳ ಸ್ಪ್ರಿಂಗುಗಳಿಂದ ಫಲಕಕ್ಕೆ ಕೂಡಿಸುವುದೇ ಯುಕ್ತವೆಂದು ನಮ್ಮ ಅಭಿಪ್ರಾಯ. ಭಾರದ ಪರಮಾವಧಿಯ ಪರೀಕ್ಷೆಗೆ ಯೂರೋಕೋಡ್ ಈ ಬಿಗಿತವನ್ನು ಮೂರರಲ್ಲಿ ಎರಡು ಪಾಲಿಗೆ ಇಳಿಸುತ್ತದೆಂಬುದನ್ನೂ ಮರೆಯಲಾಗದು. ಅದಕ್ಕೆ ಮೊದಲು ಬೆಸುಗೆಯಿಲ್ಲದ ಮತ್ತು ಪೂರ್ಣ ಬೆಸುಗೆಯ ಎರಡು ಎಲ್ಲೆಗಳನ್ನು ವಿದ್ಯಾರ್ಥಿಯು ಕೈಲೆಕ್ಕದಿಂದ ಕಂಡುಕೊಳ್ಳಲಿ. ತಂತ್ರಾಂಶದ ಉತ್ತರ ಆ ಎಲ್ಲೆಗಳ ನಡುವೆ ಎಲ್ಲಿ ಬೀಳುತ್ತದೆ, ಏಕೆ ಬೀಳುತ್ತದೆ ಎಂದು ಹೇಳಬಲ್ಲವನಿಗೆ ಮಾತ್ರ ಅದನ್ನು ನಂಬುವ ಅಧಿಕಾರವುಂಟು.