ಕಾರಿನ ಮೂಲಪಾಠ ಯಾವುದು?

2020ರ ಜನವರಿಯಲ್ಲಿ ಫ್ಲಾರಿಡಾದ ಹರಾಜೊಂದರಲ್ಲಿ ಹಳೆಯ ಹಸಿರು ಕಾರೊಂದರ ಕೂಗು 34 ಲಕ್ಷ ಡಾಲರಿಗೆ ನಿಂತಿತು. 1968ರ 'ಬುಲಿಟ್' ಸಿನಿಮಾದಲ್ಲಿ ಸ್ಟೀವ್ ಮಕ್ವೀನ್ ಓಡಿಸಿದ ಫೋರ್ಡ್ ಮಸ್ಟಾಂಗ್ ಅದು. ಬಣ್ಣ ಮಾಸಿತ್ತು, ತುಕ್ಕು ಹಿಡಿದಿತ್ತು, ಚಿತ್ರೀಕರಣಕ್ಕೆಂದು ಮಾಡಿಕೊಂಡ ಬದಲಾವಣೆಗಳ ಗುರುತುಗಳು ಮೈಮೇಲೆ ಹಾಗೇ ಇದ್ದವು. ಅದನ್ನು ಯಾರಾದರೂ ಕೆರೆದು, ಉಜ್ಜಿ, ಹೊಸದರಂತೆ ಹೊಳೆಯಿಸಿದ್ದರೆ ಆ ಸಿನಿಮಾದ ಕಾರು ಎನ್ನುವುದಕ್ಕೆ ಅದರ ಮೈಯೇ ಹೇಳುತ್ತಿದ್ದ ಸಾಕ್ಷ್ಯ ಅಳಿಸಿಹೋಗುತ್ತಿತ್ತು.

ಅಮೆರಿಕದ 'ಮಸಲ್ ಕಾರ್' ಎಂದರೆ ಮಧ್ಯಮ ಗಾತ್ರದ, ಯುವಕರ ಕೈಗೆಟುಕುವ ಬೆಲೆಯ ಕಾರಿನೊಳಗೆ ದೊಡ್ಡ ಕಾರಿನ ಎಂಟು ಸಿಲಿಂಡರ್ ಇಂಜಿನ್ ಕೂರಿಸಿದ್ದು. 1964ರ ಪಾಂಟಿಯಾಕ್ ಜಿಟಿಒದಿಂದ ಅದರ ಕಾಲ ಶುರುವಾಯಿತೆಂದು ಸಾಮಾನ್ಯವಾಗಿ ಹೇಳುತ್ತಾರೆ. ಏರಿದ ವಿಮೆ, ಹೊಗೆಯ ಮೇಲಿನ ನಿಯಮಗಳು, 1973ರ ತೈಲ ಬಿಕ್ಕಟ್ಟು ಸೇರಿ ಹತ್ತೇ ವರ್ಷದಲ್ಲಿ ಅದನ್ನು ಮುಗಿಸಿದವು. ಅಂದಿನಿಂದ ಈ ಕಾರುಗಳು ಶೆಡ್ಡುಗಳಲ್ಲಿ ಮತ್ತೆ ಮತ್ತೆ ಹುಟ್ಟುತ್ತಿವೆ. ಹುಟ್ಟಿಸುವವರಲ್ಲಿ ಮೂರು ಪಂಗಡ. ಇಂಜಿನ್ನಿನ ಮೇಲೆ ಒತ್ತಿದ ಸಂಖ್ಯೆಯೂ ಕಾರಿನ ಸಂಖ್ಯೆಯೂ ತಾಳೆಯಾಗಲೇಬೇಕು, ಪ್ರತಿ ಬೋಲ್ಟೂ ಕಾರ್ಖಾನೆಯಿಂದ ಬಂದಂತೆಯೇ ಇರಬೇಕು ಎನ್ನುವವರು ಒಂದು. ಹಳೆಯ ಮೈಗೆ ಹೊಸ ಇಂಜಿನ್, ಹೊಸ ಬ್ರೇಕು ಜೋಡಿಸಿ 'ರೆಸ್ಟೋಮಾಡ್' ಮಾಡುವವರು ಇನ್ನೊಂದು. ಇದ್ದ ಹಾಗೇ ಬಿಡಿ, ತುಕ್ಕೂ ಚರಿತ್ರೆಯೇ ಎನ್ನುವವರು ಮೂರನೆಯದು.

ಗ್ರಂಥಸಂಪಾದನೆ ಓದಿದವರಿಗೆ ಇದು ಗೊತ್ತಿರುವ ಜಗಳವೇ. ಮೂಲಪಾಠ ಹುಡುಕುವವರು, ಇಂದಿನ ಓದುಗನಿಗೆಂದು ತಿದ್ದಿ ಬರೆಯುವವರು, ಓಲೆಯ ಹುಳುಕನ್ನೂ ಸೇರಿಸಿ ಯಥಾಪ್ರತಿ ಅಚ್ಚು ಹಾಕುವವರು. ಮೊದಲನೆಯ ಪಂಗಡದ ಬಗ್ಗೆ ನಮಗಿರುವ ಅನುಮಾನ ಕಾರಿನ ವಿಷಯದಲ್ಲೂ ನಿಜ. ಡೆಟ್ರಾಯಿಟ್‌ನ ಅಸೆಂಬ್ಲಿ ಸಾಲಿನಿಂದ ಅವಸರದಲ್ಲಿ ಇಳಿದ ಕಾರುಗಳ ಬಣ್ಣ ಅಲ್ಲಲ್ಲಿ ಸೋರಿರುತ್ತಿತ್ತು, ಬಾಗಿಲ ಸಂದು ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದು. ಇಂದು ಪ್ರದರ್ಶನಕ್ಕೆ ಬರುವ 'ಮೂಲಸ್ಥಿತಿ'ಯ ಎಷ್ಟೋ ಕಾರುಗಳಲ್ಲಿ ಈ ದೋಷ ಒಂದೂ ಇಲ್ಲ. ಕವಿಯ ಛಂದಸ್ಸನ್ನು ಕವಿಗಿಂತ ಚೆನ್ನಾಗಿ ತಿದ್ದಿದ ಸಂಪಾದಕನ ಕೆಲಸ ಇದು. ಹಾಗೆ ಮರಳಿ ಬರುವುದು 1968ನೆಯ ಇಸವಿಯಲ್ಲ, ಅದರ ಬಗ್ಗೆ ನಾವು ಕಟ್ಟಿಕೊಂಡ ಆಸೆ.

ಕ್ಲಿಂಟ್ ಈಸ್ಟ್‌ವುಡ್‌ನ 'ಗ್ರ್ಯಾನ್ ಟೊರಿನೊ' (2008) ಈ ಆಸೆಯ ಚಿತ್ರ. ಕೊರಿಯಾ ಯುದ್ಧದಲ್ಲಿ ಹೋರಾಡಿದ, ಫೋರ್ಡ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದ ವಾಲ್ಟ್ ಬಳಿ 1972ರ ಗ್ರ್ಯಾನ್ ಟೊರಿನೊ ಇದೆ. ಅದರ ಸ್ಟೀರಿಂಗ್ ಕಾಲಂ ಕೂರಿಸಿದವನು ಅವನೇ. ಕೂಲಿಕಾರನೊಬ್ಬ ತನ್ನ ಕೈಕೆಲಸವನ್ನು ಜೀವಮಾನವಿಡೀ ಒರೆಸಿ ಕಾಪಾಡುವುದರಲ್ಲಿ ಘನತೆಯಿದೆ, ಅದನ್ನು ಚಿತ್ರ ಸರಿಯಾಗಿ ಹಿಡಿದಿದೆ. ನನ್ನ ತಕರಾರು ಕೊನೆಯ ಉಯಿಲಿನ ಬಗ್ಗೆ. ಕಾರು ಪಕ್ಕದ ಮನೆಯ ಹ್ಮಾಂಗ್ ಹುಡುಗ ತಾವೊಗೆ ಸೇರುತ್ತದೆ, ಆದರೆ ಷರತ್ತಿನ ಮೇಲೆ: ಚಾವಣಿ ಕತ್ತರಿಸಬಾರದು, ಜ್ವಾಲೆಯ ಚಿತ್ರ ಬರೆಸಬಾರದು, ಹಿಂದೆ ಸ್ಪಾಯ್ಲರ್ ಹಾಕಬಾರದು. ಪ್ರತಿ ಷರತ್ತಿನ ಜೊತೆಗೂ ಒಂದು ಬೈಗುಳ. ಮೆಕ್ಸಿಕನ್ನರಿಗೊಂದು, ಬಡ ಬಿಳಿಯರಿಗೊಂದು.

ಚಿತ್ರ ಇದನ್ನು ಮುದುಕನ ತಮಾಷೆಯಾಗಿ ದಾಟಿಸುತ್ತದೆ. ಆದರೆ ಕಾರನ್ನು ತನ್ನದಾಗಿ ಬದಲಿಸಿಕೊಳ್ಳುವ ಕಲೆಯನ್ನು ಬೆಳೆಸಿದವರಲ್ಲಿ ಈ ಬೈಸಿಕೊಂಡವರೇ ಮುಖ್ಯರು. ಲಾಸ್ ಏಂಜಲೀಸಿನ ಮೆಕ್ಸಿಕನ್ ಅಮೆರಿಕನ್ ಯುವಕರು ಹಳೆಯ ಕಾರುಗಳನ್ನು ನೆಲಕ್ಕೆ ತಾಗುವಷ್ಟು ತಗ್ಗಿಸಿ, ಬಣ್ಣದ ಮೇಲೆ ಬಣ್ಣ ಹಚ್ಚಿ ಕಟ್ಟಿದ ಲೋರೈಡರ್ ಪರಂಪರೆ ಅಂಥದ್ದು. ಹೊಸದನ್ನು ಕೊಳ್ಳಲಾಗದವರು ಹಳೆಯದರ ಮೇಲೆ ತಮ್ಮ ಹೆಸರು ಬರೆದುಕೊಂಡ ಬಗೆ ಅದು. ಇತ್ತ ತಾವೊನ ಜನ ಲಾವೋಸಿನಲ್ಲಿ ಅಮೆರಿಕದ ಪರ ಹೋರಾಡಿ, ಸೋತು, ನಿರಾಶ್ರಿತರಾಗಿ ಬಂದವರು. 1972 ಎಂದರೆ ವಾಲ್ಟ್‌ಗೆ ಫಳಗುಟ್ಟುವ ಬಾನೆಟ್ಟು, ಅವರಿಗೆ ಯುದ್ಧದ ವರ್ಷ. ಆ ವರ್ಷವನ್ನು ಒಂದು ಗೀರೂ ಬೀಳದಂತೆ ಕಾಪಾಡು ಎಂದು ಹುಡುಗನ ಕೈಗಿಟ್ಟರೆ ಅವನು ಕಾರಿನ ಒಡೆಯನೋ, ಬರೀ ಕಾವಲುಗಾರನೋ?

ಲೂಯಿಸ್ ಅರ್ಡ್ರಿಕ್ ಅವರ 'ದಿ ರೆಡ್ ಕನ್ವರ್ಟಿಬಲ್' ಕತೆ ಈ ಪ್ರಶ್ನೆಯನ್ನು ಬಹಳ ಮೊದಲೇ ಎತ್ತಿಕೊಂಡಿತ್ತು. 1984ರ 'ಲವ್ ಮೆಡಿಸಿನ್' ಕಾದಂಬರಿಯಲ್ಲಿ ಅದೊಂದು ಅಧ್ಯಾಯ. ಕೆಂಪು ಓಲ್ಡ್ಸ್‌ಮೊಬೈಲ್ ಕಟ್ಟುನಿಟ್ಟಾಗಿ ನೋಡಿದರೆ ಮಸಲ್ ಕಾರಲ್ಲ, ಆದರೆ ರಿಪೇರಿಯ ಬಗ್ಗೆ ಇಷ್ಟು ಆಳಕ್ಕಿಳಿದ ಇನ್ನೊಂದು ಕತೆಯನ್ನು ನಾನು ಓದಿಲ್ಲ. ಚಿಪ್ಪೆವಾ ಬುಡಕಟ್ಟಿನ ಇಬ್ಬರು ಅಣ್ಣತಮ್ಮಂದಿರು ಸೇರಿ ಕೊಂಡ ಕಾರು. ಅಣ್ಣ ಹೆನ್ರಿ ವಿಯೆಟ್ನಾಂಗೆ ಹೋದಾಗ ತಮ್ಮ ಲೈಮನ್ ಅದನ್ನು ಬ್ಲಾಕುಗಳ ಮೇಲೆ ನಿಲ್ಲಿಸಿ ಜೋಪಾನ ಮಾಡುತ್ತಾನೆ. ಹೆನ್ರಿ ಮರಳುತ್ತಾನೆ, ಆದರೆ ಮಾತಿಲ್ಲ, ನಗುವಿಲ್ಲ, ಟಿವಿಯ ಮುಂದಿನ ಕುರ್ಚಿ ಬಿಟ್ಟು ಏಳುವುದಿಲ್ಲ. ಆಗ ಲೈಮನ್ ಸುತ್ತಿಗೆ ತೆಗೆದುಕೊಂಡು, ತಾನೇ ಕಾಪಾಡಿದ ಕಾರನ್ನು ಜಜ್ಜಿ ಹಾಕುತ್ತಾನೆ. ಅಣ್ಣನ ಕೈಗೊಂದು ಕೆಲಸ ಸಿಗಲಿ ಎಂದು.

ಉಪಾಯ ಫಲಿಸುತ್ತದೆ. ಹೆನ್ರಿ ಚಳಿಯಲ್ಲಿ ಹಗಲಿರುಳು ದುಡಿದು ಕಾರನ್ನು ಸರಿ ಮಾಡುತ್ತಾನೆ. ಆಮೇಲೆ ಇಬ್ಬರೂ ನದಿಯ ಬಳಿಗೆ ಹೋದಾಗ, ಜಜ್ಜಿದವನು ನೀನೇ ಎಂದು ತನಗೆ ಗೊತ್ತಿತ್ತೆಂದು ಹೆನ್ರಿ ಹೇಳುತ್ತಾನೆ. ಕಾರು ಸರಿಯಾಯಿತು, ಅವನು ಸರಿಯಾಗಲಿಲ್ಲ. ಅವನು ನೀರಿಗೆ ಹಾರಿ ಮುಳುಗುತ್ತಾನೆ, ಲೈಮನ್ ದೀಪ ಹಚ್ಚಿದ ಕಾರನ್ನು ಅವನ ಹಿಂದೆಯೇ ನದಿಗೆ ಬಿಡುತ್ತಾನೆ.

ಇದನ್ನು ರಿಪೇರಿಯ ವೈಫಲ್ಯದ ಕತೆಯೆಂದು ಓದುವುದು ಸುಲಭ. ನನಗೆ ಹಾಗನಿಸುವುದಿಲ್ಲ. ತಮ್ಮ ಜಜ್ಜಿದ್ದೂ ಅಣ್ಣ ತಿಳಿದೂ ತಿಳಿಯದಂತೆ ದುರಸ್ತಿ ಮಾಡಿದ್ದೂ, ಬಾಯಿಬಿಟ್ಟು ಹೇಳಲಾಗದ್ದನ್ನು ಅವರು ಒಬ್ಬರಿಗೊಬ್ಬರು ಹೇಳಿಕೊಂಡ ರೀತಿ. ಸುತ್ತಿಗೆಯ ಏಟಿಗೂ ಅಲ್ಲಿ ಪ್ರೀತಿಯ ಅರ್ಥವಿದೆ. ವಾಲ್ಟ್ ತನ್ನ ಕಾರನ್ನು ಸತ್ತ ಮೇಲೂ ಬಿಟ್ಟುಕೊಡಲಾರ. ಈ ಅಣ್ಣತಮ್ಮಂದಿರು ನದಿಯ ದಂಡೆಯಲ್ಲಿ ಕಾರು ನಿನಗಿರಲಿ, ಬೇಡ ನಿನಗೇ ಇರಲಿ ಎಂದು ಜಗಳವಾಡುತ್ತಾರೆ. ಹಳೆಯದನ್ನು ಉಳಿಸಿಕೊಳ್ಳುವ ಮಾತು ಬಂದಾಗಲೆಲ್ಲ, ಅದು ಕಾರಿರಲಿ, ಕಾವ್ಯವಿರಲಿ, ಏನನ್ನು ಉಳಿಸಿದಿರಿ ಎಂಬುದಕ್ಕಿಂತ ಮೊದಲು ಯಾರಿಗಾಗಿ ಎಂದು ಕೇಳಬೇಕು. ಈಸ್ಟ್‌ವುಡ್‌ನ ಉಯಿಲಿಗೆ ಈ ಪ್ರಶ್ನೆ ಹೊಳೆಯಲೇ ಇಲ್ಲ. ಅರ್ಡ್ರಿಕ್ ಅವರ ಕತೆಯಲ್ಲಿ ಅದರ ಹೊರತು ಬೇರೆ ಪ್ರಶ್ನೆಯೇ ಇಲ್ಲ.