ಎಳ್ಳು ಬೀರುವ ಕಲೆ

ಸಂಕ್ರಾಂತಿಯ ಎಳ್ಳು-ಬೆಲ್ಲ ಅವಸರಕ್ಕೆ ಒಲಿಯುವುದಿಲ್ಲ. ಕೊಬ್ಬರಿಯ ಕಂದು ಸಿಪ್ಪೆ ಹೆರೆದು ಸಣ್ಣಗೆ ಹೆಚ್ಚಬೇಕು. ಅಚ್ಚು ಬೆಲ್ಲವನ್ನೂ ಅದೇ ಅಳತೆಗೆ ಕತ್ತರಿಸಬೇಕು. ಎರಡನ್ನೂ ಕೆಲವು ದಿನ ಎಳೆಬಿಸಿಲಿಗೆ ಹರವಬೇಕು. ತೇವ ಉಳಿದರೆ ಬೆಲ್ಲ ಅಂಟುತ್ತದೆ, ಕೊಬ್ಬರಿ ಕೆಡುತ್ತದೆ. ಕಡಲೆಬೀಜವನ್ನು ಸಣ್ಣ ಉರಿಯಲ್ಲಿ ಹುರಿದು, ಸಿಪ್ಪೆ ತೆಗೆದು, ಬೇಳೆ ಮಾಡಬೇಕು. ಬಿಳಿ ಎಳ್ಳು ಚಟಪಟ ಅನ್ನುತ್ತಲೇ ಇಳಿಸಬೇಕು. ಕೊನೆಗೆ ಹುರಿಗಡಲೆಯೊಂದಿಗೆ ಎಲ್ಲವೂ ಕೂಡುತ್ತವೆ.

ಜೊತೆಗೆ ಸಕ್ಕರೆ ಅಚ್ಚು. ಹಾಲು ಹಾಕಿ ಕೊಳೆ ತೆಗೆದ ಪಾಕವನ್ನು ನೆನೆಸಿದ ಮರದ ಅಚ್ಚಿಗೆ ಸುರಿದರೆ ಗಿಳಿ, ಆನೆ, ತುಳಸಿಕಟ್ಟೆ ಮೂಡುತ್ತವೆ. ಧಾರವಾಡ, ಬೆಳಗಾವಿ ಕಡೆಯ ಕುಸುರೆಳ್ಳಿನದು ಇನ್ನೂ ದೊಡ್ಡ ತಾಳ್ಮೆ: ಮಂದ ಉರಿಯ ಮೇಲೆ ಎಳ್ಳಿಗೆ ಚೂರುಚೂರೇ ಪಾಕ ಹನಿಸುತ್ತ, ಕೈಯಾಡಿಸುತ್ತ ಹೋದರೆ ಮಲ್ಲಿಗೆ ಮೊಗ್ಗಿನಂಥ ಬಿಳಿ ಕಾಳಿನ ಮೈಮೇಲೆ ಸಕ್ಕರೆಯ ಮುಳ್ಳುಗಳು ಏಳುತ್ತವೆ.

ಎಳ್ಳು-ಬೆಲ್ಲಕ್ಕೆ ಋತುವಿನ ಅರಿವಿದೆ. ಚಳಿಗೆ ಮೈ ಒಡೆಯುವ ಕಾಲದಲ್ಲಿ ಎಳ್ಳು, ಕಡಲೆಬೀಜ, ಕೊಬ್ಬರಿಯ ಜಿಡ್ಡು ದೇಹಕ್ಕೆ ಹಿತ. ಬೆಲ್ಲ ಕೊಡುವ ಕಬ್ಬೂ ಸುಗ್ಗಿಯ ಫಸಲೇ.

ಆದರೆ ನನಗೆ ಬಹಳ ಪ್ರಿಯವಾದದ್ದು ಅದನ್ನು ಬೀರುವ ರೀತಿ. ಹೊಸ ಬಟ್ಟೆ ತೊಟ್ಟ ಮಕ್ಕಳು ಮನೆಮನೆಗೆ ಹೋಗಿ, ಎಳ್ಳು-ಬೆಲ್ಲ ತಿಂದು ಒಳ್ಳೆಯ ಮಾತಾಡಿ ಎನ್ನುತ್ತಾರೆ. ಬದುಕಿಗೆ ಇದಕ್ಕಿಂತ ಸರಳ ಬುದ್ಧಿಮಾತು ಬೇಕೇ? ಈ ಜನವರಿಯಲ್ಲಿ ಒಂದು ಡಬ್ಬಿಯಾದರೂ ಮನೆಯಲ್ಲೇ ಮಾಡಿ. ಮಾತು ಬಿಟ್ಟವರ ಮನೆಗೇ ಅದನ್ನು ಮೊದಲು ಒಯ್ಯಿರಿ.