ಹೊಸಬರಿಗೆ ಟ್ರೈ ಬೈಕ್ ಯಾಕೆ ಬೇಡ

ಟ್ರಯಾಥ್ಲಾನ್‌ಗೆ ಇಳಿಯುತ್ತೇನೆ ಎಂದವರಿಗೆ ನಮ್ಮಲ್ಲಿ ಬಹುಬೇಗ ಸಿಗುವ ಸಲಹೆ ಒಂದೇ: ‘ಮೊದಲು ಒಳ್ಳೇ ಟ್ರೈ ಬೈಕ್ ತಗೊಳ್ಳಿ.’ ಮುಂದಕ್ಕೆ ಚಾಚಿದ ಏರೋಬಾರ್, ಕಾರ್ಬನ್ ಫ್ರೇಮ್, ದಪ್ಪ ರಿಮ್ಮಿನ ಚಕ್ರ ಎಲ್ಲ ಸೇರಿದರೆ ಬೆಲೆ ಹಲವು ಲಕ್ಷ. 2019ರಲ್ಲಿ ಗೋವಾದ ಮಿರಾಮಾರ್ ಕಡಲತೀರದಲ್ಲಿ ಐರನ್‌ಮ್ಯಾನ್ 70.3 ಆರಂಭವಾಗಿ, ಬೆಂಗಳೂರಿನವರಿಗೂ ಮೈಸೂರಿನವರಿಗೂ ಈ ಸ್ಪರ್ಧೆ ರಾತ್ರಿ ಬಸ್ಸಿನ ದೂರಕ್ಕೆ ಬಂತು. ಅದರ ಜೊತೆಗೇ ಈ ಸಲಹೆಯೂ ಬೇರೂರಿತು. ಹೊಸಬರ ಮಟ್ಟಿಗೆ ಇದು ತಪ್ಪು ಸಲಹೆ. ಅವರ ಹಣವನ್ನಷ್ಟೇ ಅಲ್ಲ, ಉತ್ಸಾಹವನ್ನೂ ಇದು ತಿನ್ನುತ್ತದೆ.

ಸಲಹೆ ಕೊಡುವವರ ಲೆಕ್ಕವನ್ನೇ ಮೊದಲು ನೋಡೋಣ. 1.9 ಕಿ.ಮೀ. ಈಜು, 90 ಕಿ.ಮೀ. ಸೈಕಲ್, 21.1 ಕಿ.ಮೀ. ಓಟದ ಈ ಸ್ಪರ್ಧೆಯಲ್ಲಿ ಇನ್ನೊಬ್ಬರ ಹಿಂದೆ ಅಂಟಿಕೊಂಡು ಗಾಳಿ ತಪ್ಪಿಸಿಕೊಳ್ಳುವ ಹಾಗಿಲ್ಲ. ಪ್ರತಿಯೊಬ್ಬರೂ ಒಂಟಿಯಾಗಿ ಎದುರುಗಾಳಿ ಸೀಳಬೇಕು. ಗಾಳಿಯನ್ನು ಮೀರಲು ಬೇಕಾದ ಶಕ್ತಿ ವೇಗದ ಘನದಷ್ಟು ಏರುತ್ತದೆ. ಗಂಟೆಗೆ 25 ಕಿ.ಮೀ. ಹೋಗುವವರಿಗಿಂತ 40 ಕಿ.ಮೀ. ಹೋಗುವವರು ಗಾಳಿಗೆ ಸುಮಾರು ನಾಲ್ಕು ಪಟ್ಟು ಶಕ್ತಿ ಸುರಿಯಬೇಕು. ಹಾಗಿದ್ದರೆ ನಿಧಾನ ಹೋಗುವವರಿಗೆ ಇದೆಲ್ಲ ಬೇಡವೇ ಎಂದು ಕೇಳಿದರೆ ಮಾರುವವರ ಬಳಿ ಉತ್ತರ ಸಿದ್ಧವಿದೆ: ನಿಧಾನ ಹೋಗುವವರು ರಸ್ತೆಯಲ್ಲಿ ಹೆಚ್ಚು ಹೊತ್ತು ಇರುತ್ತಾರೆ, ಆದ್ದರಿಂದ ಅವರಿಗೇ ಹೆಚ್ಚು ನಿಮಿಷ ಉಳಿಯುತ್ತದೆ. ಗಣಿತವಾಗಿ ಈ ಮಾತು ಸುಳ್ಳಲ್ಲ. ಆದರೆ ಅದು ನಿಂತಿರುವುದು ಒಂದು ಷರತ್ತಿನ ಮೇಲೆ: 90 ಕಿ.ಮೀ. ಉದ್ದಕ್ಕೂ ಮೊಣಕೈಗಳು ಏರೋಬಾರಿನ ಪ್ಯಾಡ್ ಮೇಲೇ ಇರಬೇಕು.

ಹೊಸಬರಿಂದ ಅದು ಆಗುವುದಿಲ್ಲ. ಅರ್ಧ ಗಂಟೆಯೊಳಗೆ ಕತ್ತು ಹಿಡಿಯುತ್ತದೆ, ಸೊಂಟ ಬಿಗಿಯುತ್ತದೆ, ಸೀಟಿನ ಮೂತಿ ಒತ್ತುವ ಜಾಗದಲ್ಲಿ ಜೋಮು ಹಿಡಿಯುತ್ತದೆ. ಅದಕ್ಕಿಂತ ಗಂಭೀರವಾದದ್ದು ಬ್ರೇಕ್. ಈ ಸೈಕಲ್‌ಗಳಲ್ಲಿ ಗೇರ್ ಸಾಮಾನ್ಯವಾಗಿ ಏರೋಬಾರಿನ ತುದಿಯಲ್ಲಿ, ಬ್ರೇಕ್ ಮಾತ್ರ ಕೆಳಗಿನ ಹ್ಯಾಂಡಲ್‌ನಲ್ಲಿ. ಬಣ್ಣ ಬಳಿಯದ ಹಂಪ್, ಗುಂಡಿ, ಅಡ್ಡ ನುಗ್ಗುವ ನಾಯಿ, ಎದುರು ದಿಕ್ಕಿನಿಂದ ಬರುವ ಸ್ಕೂಟರ್ ಕಂಡಾಗಲೆಲ್ಲ ಕೈ ಸ್ಥಳ ಬದಲಿಸಿದ ಮೇಲೇ ಬ್ರೇಕ್ ಸಿಗುವುದು. ಹೀಗೆ ಬೆಚ್ಚಿ ಬೆಚ್ಚಿ ಸವಾರರು ಕೊನೆಗೆ ಕೆಳಗಿನ ಹ್ಯಾಂಡಲ್ ಹಿಡಿದು ಎದ್ದು ಕೂರುತ್ತಾರೆ. ಆಗ ಗಾಳಿಯ ಲಾಭವೂ ಹೋಯಿತು, ಬೆರಳಿಗೆ ಗೇರೂ ಸಿಗದಾಯಿತು. ಗಾಳಿಯ ತಡೆಯಲ್ಲಿ ಸುಮಾರು ಮುಕ್ಕಾಲು ಪಾಲು ಸವಾರನ ದೇಹದ್ದೇ. ಹಾಗೆ ಎದ್ದು ಕೂತ ಮೇಲೆ ಕಾರ್ಬನ್ ಕೊಳವೆ ಎಷ್ಟೇ ಚೂಪಾಗಿದ್ದರೂ ಅದು ಉಳಿಸಿಕೊಡುವುದು ಅಲ್ಪ. ರೋಡ್ ಸೈಕಲ್‌ನ ಬಾಗಿದ ಹ್ಯಾಂಡಲ್‌ನಲ್ಲಿ ಬ್ರೇಕ್, ಗೇರ್ ಎರಡೂ ಒಂದೇ ಕಡೆ ಬೆರಳಿನಡಿ ಇರುತ್ತವೆ. ನಂದಿಬೆಟ್ಟದ ತಿರುವುಗಳನ್ನು ಇಳಿದವರಿಗೆ ಇದರ ಬೆಲೆ ಗೊತ್ತು.

ಟ್ರಯಾಥ್ಲಾನ್ ಎಂದರೆ ಟ್ರೈ ಬೈಕೇ ಎಂಬ ನಂಬಿಕೆಯನ್ನು ಒಲಿಂಪಿಕ್ಸ್ ಕೂಡ ಎತ್ತಿಹಿಡಿಯುವುದಿಲ್ಲ. 2000ದ ಸಿಡ್ನಿಯಿಂದ ಇಲ್ಲಿಯವರೆಗೆ ಅಲ್ಲಿ ಗುಂಪಾಗಿ ಸವಾರಿ ಮಾಡಬಹುದು. ಆದ್ದರಿಂದ ರೋಡ್ ಸೈಕಲ್‌ಗೇ ಜಾಗ. ಟೋಕಿಯೊದಲ್ಲಿ ಗೆದ್ದ ಬ್ಲುಮೆನ್‌ಫೆಲ್ಟ್, ಪ್ಯಾರಿಸ್‌ನಲ್ಲಿ ಗೆದ್ದ ಅಲೆಕ್ಸ್ ಯೀ ಇಬ್ಬರೂ ತುಳಿದದ್ದು ಅದನ್ನೇ. ಹವ್ಯಾಸಿಗಳ ನಿಯಮ ಬೇರೆ, ಒಪ್ಪುತ್ತೇನೆ. ಆದರೆ ಅವರಿಗೂ ದಾರಿಯಿದೆ: ಕೆಲವೇ ಸಾವಿರಕ್ಕೆ ಸಿಗುವ ಏರೋಬಾರನ್ನು ಮುಂದೆಂದಾದರೂ ಅದೇ ರೋಡ್ ಸೈಕಲ್‌ನ ಹ್ಯಾಂಡಲ್‌ಗೆ ಬಿಗಿಸಿಕೊಳ್ಳಬಹುದು. 1989ರ ಟೂರ್ ದ ಫ್ರಾನ್ಸ್‌ನ ಕೊನೆಯ ದಿನ ಗ್ರೆಗ್ ಲೆಮಾಂಡ್ ಟ್ರಯಾಥ್ಲಾನ್ ಲೋಕದಿಂದ ಎರವಲು ತಂದದ್ದು ಇಂಥದೇ ಬಾರನ್ನು. ಇಡೀ ಟೂರ್‌ನ ಒಟ್ಟು ಸಮಯದಲ್ಲಿ ಪ್ರತಿಸ್ಪರ್ಧಿ ಫಿನ್ಯೋನ್‌ರನ್ನು ಎಂಟು ಸೆಕೆಂಡಿನಿಂದ ಹಿಂದಿಕ್ಕಿದರು.

ಟ್ರೈ ಬೈಕ್‌ನಲ್ಲಿ ಸೀಟು ಮುಂದಕ್ಕಿರುವುದರಿಂದ ಓಟಕ್ಕೆ ಕಾಲು ಉಳಿಯುತ್ತದೆ ಎಂಬ ವಾದವೂ ಇದೆ. ಅದರಲ್ಲಿ ಹುರುಳಿರಬಹುದು. ಆದರೆ ಮೊದಲ ವರ್ಷ ಕಾಲನ್ನು ಸುಡುವುದು ಸೀಟಿನ ಕೋನಕ್ಕಿಂತ ಭಾರದ ಗೇರನ್ನು ತಿಣುಕಿ ತುಳಿಯುವ ಅಭ್ಯಾಸ, ಹೊತ್ತಿಗೆ ಸರಿಯಾಗಿ ತಿನ್ನದೆ ಕುಡಿಯದೆ ಇರುವುದು. ಹಿಂದೆ 32 ಅಥವಾ 34 ಹಲ್ಲಿನ ದೊಡ್ಡ ಗೇರ್ ಇರುವ ಸೈಕಲ್ ಆರಿಸಿಕೊಂಡರೆ ಏರಿನಲ್ಲಿ ಮೊಣಕಾಲು ಬದುಕುತ್ತದೆ.

ನನಗೆ ನಿಜವಾಗಿ ಸಿಟ್ಟು ಬರುವುದು ಅಳತೆಯ ವಿಷಯದಲ್ಲಿ. ಅಂಗಡಿಯಲ್ಲಿ ಇದ್ದದ್ದನ್ನೇ ದಾಟಿಸಿ, ‘ಸೀಟು ಸ್ವಲ್ಪ ಇಳಿಸಿದರೆ ಸರಿಹೋಗುತ್ತೆ’ ಎನ್ನುವುದನ್ನು ಎಷ್ಟೋ ಸಲ ಕೇಳಿದ್ದೇನೆ. ಇದರ ಪೆಟ್ಟು ಹೆಚ್ಚಾಗಿ ಬೀಳುವುದು ಐದಡಿ ಆಸುಪಾಸಿನ ಹೆಣ್ಣುಮಕ್ಕಳಿಗೆ. ಸೀಟು ಇಳಿಸಿದರೆ ಕಾಲು ಎಟುಕೀತು. ಹ್ಯಾಂಡಲ್ ಹತ್ತಿರ ಬರುವುದಿಲ್ಲ. ತೋಳು ಚಾಚಿ ಚಾಚಿ ಭುಜ ಸೋಲುತ್ತದೆ, ‘ಸೈಕಲ್ ನನಗೆ ಆಗಿಬರಲ್ಲ’ ಎಂದು ಅವರು ಬಿಟ್ಟೇಬಿಡುತ್ತಾರೆ. ಆಗಿಬಾರದ್ದು ಫ್ರೇಮಿನ ಅಳತೆ. ಪೆಡಲ್ ತೀರಾ ಕೆಳಗಿದ್ದಾಗ ಮೊಣಕಾಲು 25ರಿಂದ 35 ಡಿಗ್ರಿಯಷ್ಟು ಬಾಗಿರಬೇಕು. ಬ್ರೇಕಿನ ಮೇಲೆ ಕೈಯಿಟ್ಟಾಗ ಮೊಣಕೈ ಸಡಿಲವಾಗಿರಬೇಕು. ಇಷ್ಟನ್ನೂ ನೋಡದೆ ಬಿಲ್ ಹರಿಯುವ ಅಂಗಡಿಯಿಂದ ಬರಿಗೈಲಿ ಹೊರಬರುವುದೇ ಲೇಸು. ಅಲ್ಯೂಮಿನಿಯಂ ಫ್ರೇಮಿನ ಸಾಧಾರಣ ರೋಡ್ ಸೈಕಲ್ ಕೊಂಡು, ಉಳಿದ ಹಣದಲ್ಲಿ ಫಿಟ್ಟಿಂಗ್ ಮಾಡಿಸಿ, 28 ಎಂ.ಎಂ. ಟೈರ್, ಒಳ್ಳೆಯ ಹೆಲ್ಮೆಟ್, ಪ್ಯಾಡ್ ಇರುವ ಶಾರ್ಟ್ಸ್ ಕೊಳ್ಳಿ.

‘ಮನೆಯಲ್ಲಿರುವ ಯಾವ ಸೈಕಲ್ ಆದರೂ ನಡೆಯುತ್ತೆ’ ಎನ್ನುವವರ ಮಾತು 20 ಕಿ.ಮೀ. ಸವಾರಿಯ ಸ್ಪ್ರಿಂಟ್ ಸ್ಪರ್ಧೆಯ ಮಟ್ಟಿಗೆ ಸರಿ. ಬ್ರೇಕ್ ಹಿಡಿಯಬೇಕು, ಹ್ಯಾಂಡಲ್‌ನ ತುದಿಗಳು ಮುಚ್ಚಿರಬೇಕು, ಅಷ್ಟೇ. 90 ಕಿ.ಮೀ.ಗೆ ದಪ್ಪ ಟೈರಿನ ಎಂಟಿಬಿ ಹಿಂಸೆ.

ಒಂದೆರಡು 70.3 ಮುಗಿಸಿ, ಬಿಗಿಸಿಕೊಂಡ ಏರೋಬಾರಿನ ಮೇಲೆ ಗಂಟೆಗಟ್ಟಲೆ ನೆಮ್ಮದಿಯಾಗಿ ಇರಬಲ್ಲವರು ಟ್ರೈ ಬೈಕ್ ಕೊಳ್ಳಲಿ. ಆಗ ಹಾಕಿದ ಲಕ್ಷಗಳಿಗೆ ನಿಮಿಷಗಳು ನಿಜಕ್ಕೂ ಸಿಗುತ್ತವೆ. ಆದರೆ ಆಗಲೂ ರೋಡ್ ಸೈಕಲ್ ಮಾರಬೇಡಿ. ಭಾನುವಾರದ ಗುಂಪು ಸವಾರಿಯಲ್ಲಿ ಏರೋಬಾರಿನ ಮೇಲೆ ಮಲಗಿ ತುಳಿಯುವವರನ್ನು ಪಕ್ಕದಲ್ಲಿ ಯಾರೂ ಬಿಟ್ಟುಕೊಳ್ಳುವುದಿಲ್ಲ, ಬಿಟ್ಟುಕೊಳ್ಳಲೂ ಬಾರದು.